ದೂರದ ಬೆಟ್ಟ ನುಣ್ಣಗೆ ಬಂದಾಗ

(ಮೀಡಿಯಂ ಫಾರ್ಮ್ಯಾಟ್, ಅಂದರೆ ಮಾಮೂಲಿಗಿಂತ ದೊಡ್ಡ ಅಳತೆಯ ಫಿಲ್ಮಿನ ಕ್ಯಾಮೆರಾ ಬಳಸುವ ನಾವೊಂದಿಷ್ಟು ಗೆಳೆಯರು ಶಿವಮೊಗ್ಗದಲ್ಲಿ ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಮೊದಲು ಈ ಪ್ರಿಂಟ್ ನೋಡಿ. 16 ಇಂಚು ಅಗಲ, 16 ಇಂಚು ಎತ್ತರ. ಜಾಗ ಕುಂದಾದ್ರಿ. ಬೆಳಗ್ಗೆ ಆರೂವರೆ ಆಗಿತ್ತು. ಅಲ್ಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ, ಅಲ್ವಾ? ಈಗ ಎದ್ದು ಹತ್ತಿರ ಬನ್ನಿ. ಮೂಗು ತಾಗುವಷ್ಟು ಹತ್ತಿರ ಬನ್ನಿ. ಕೆಳಗೆ ಬಂಡೆಯ ಮೇಲಿನ ಕಲ್ಲುಹೂವು ನೋಡಿ, ಅದರ ಮಡಿಕೆಗಳನ್ನು ಎಣಿಸಬಹುದು. ಬಂಡೆ ಸಂದಿಯಲ್ಲಿ ಎದ್ದಿರುವ ಹುಲ್ಲಿನ ಎಸಳೂ ಚೂಪಾಗಿದೆ. ಹಾಗೇ ಕಣ್ಣು ಮೇಲಕ್ಕೆ ತನ್ನಿ. ಕಣಿವೆಯ ಆಚೆ ಬೆಟ್ಟದ ಸಾಲು ಇದೆ. ಅಲ್ಲಿ ಮರಗಳೇ ಇಲ್ಲ. ಮರ ಕಾಣಬೇಕಾದ ಕಡೆ ಬೂದು ಹಿಟ್ಟು ಕಲಸಿಟ್ಟ ಹಾಗಿದೆ.

ದೂರದ ಬೆಟ್ಟ ನುಣ್ಣಗೆ ಅಂತ ನಾವೆಲ್ಲ ಹೇಳುತ್ತೇವೆ. ಈ ಬೆಟ್ಟ ನುಣ್ಣಗಾದದ್ದು ನನ್ನ ಲೆಕ್ಕ ತಪ್ಪಿದ್ದರಿಂದ.

ಇವತ್ತು ನಾನು ತಂದಿರುವ ಪ್ರಿಂಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಟ್ಟವೇ. ಬೇಕೆಂದೇ ತಂದೆ. ನಾವು ಸೇರಿದಾಗಲೆಲ್ಲ ಲೆನ್ಸಿನ ಮಾತು ಬರುತ್ತದೆ. ಈ ಲೆನ್ಸು ಸೂಪರ್, ಆ ಲೆನ್ಸು ಸುಮಾರು ಅಂತ ಹೇಳಿ ಎದ್ದು ಹೋಗುತ್ತೇವೆ. ಕೇಳಿದವರು ಅದನ್ನು ನಂಬಿ ವರ್ಷದ ಉಳಿತಾಯ ಹಾಕಿ ಲೆನ್ಸ್ ತರುತ್ತಾರೆ. ಆದರೆ ಅದನ್ನು ಎಲ್ಲಿ ಬಳಸಿದೆವು, ಯಾವ ಬೆಳಕಿನಲ್ಲಿ, ಪ್ರಿಂಟ್ ಎಷ್ಟು ದೊಡ್ಡದು ಮಾಡಿದೆವು, ಯಾವಾಗ ಕೈಕೊಟ್ಟಿತು ಅನ್ನುವುದನ್ನು ಯಾರೂ ಹೇಳಿರುವುದಿಲ್ಲ. ಹಂಪಿಯಲ್ಲಿ ಕಲಿತ ಪಾಠ ಆಗುಂಬೆಯಲ್ಲಿ ನಡೆಯಲ್ಲ. ಅದನ್ನೇ ನಾಲ್ಕಾರು ಚಿತ್ರ ಇಟ್ಟುಕೊಂಡು ಹೇಳಬೇಕು ಅನ್ನಿಸಿತು.

ಹೊಸಬರು ಇದ್ದೀರಿ, ಹಾಗಾಗಿ ಎರಡು ಮಾತು. ಮೀಡಿಯಂ ಫಾರ್ಮ್ಯಾಟ್ ಅಂದ ಕೂಡಲೇ ಇದೇನೋ ಹೊರದೇಶದವರ ದುಬಾರಿ ಹವ್ಯಾಸ ಅಂದುಕೊಳ್ಳಬೇಡಿ. ಮನೆಯ ಹಳೇ ಟ್ರಂಕು ತೆಗೆದು ನೋಡಿ. ಅಪ್ಪ ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಚೌಕದ ಕಪ್ಪುಬಿಳುಪು ಫೋಟೋಗಳಿದ್ದರೆ, ಅವು ಬಹುಮಟ್ಟಿಗೆ ನಾವು ಈಗ ಬಳಸುವ 120 ಫಿಲ್ಮಿನಲ್ಲೇ ತೆಗೆದವು. ಸ್ಟುಡಿಯೋದವರ ಕೊರಳಲ್ಲಿ ಎರಡು ಕಣ್ಣಿನ ಯಾಶಿಕಾನೋ ರೋಲಿಕಾರ್ಡೋ ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಆಗ್ಫಾ ಕ್ಲಿಕ್ 3 ಇತ್ತು. ಅದೂ ಇದೇ ಫಿಲ್ಮು, ರೋಲಿಗೆ 12 ಚೌಕ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಇಲ್ಲಿರುವ ಹಿರಿಯರು ಕೈಯಾರೆ ತೊಳೆದಿದ್ದಾರೆ. ಕೊಡಾಕ್ ಕಂಪನಿ 1901ರಲ್ಲಿ ತಂದ ಅಳತೆ ಇದು, ಇವತ್ತಿಗೂ ಸಿಗುತ್ತಿದೆ. ಸಣ್ಣ ಫಿಲ್ಮಿನ, ಅಂದರೆ 35 ಎಂಎಂ ಫಿಲ್ಮಿನ, ಒಂದು ಫ್ರೇಮು 24 x 36 ಮಿಲಿಮೀಟರ್. ನಮ್ಮ ಚೌಕ 56 x 56. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಗೊತ್ತಿದ್ದರೆ ಸಾಕು.

ಈಗ ಕುಂದಾದ್ರಿಗೆ ವಾಪಸ್. ಕ್ಯಾಮೆರಾ ಹ್ಯಾಸೆಲ್‌ಬ್ಲಾಡ್ 500ಸಿ/ಎಂ, ಲೆನ್ಸು 80 ಮಿಲಿಮೀಟರಿನ ಪ್ಲಾನಾರ್. ಟ್ರೈಪಾಡ್ ಗಟ್ಟಿಯಾಗಿತ್ತು, ಅಲುಗದಿರಲಿ ಅಂತ ಒಳಗಿನ ಕನ್ನಡಿ ಮೊದಲೇ ಎತ್ತಿದ್ದೆ, ಕೇಬಲ್ ಒತ್ತಿಯೇ ತೆಗೆದದ್ದು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 16. ಎಲ್ಲಿಂದ ಎಲ್ಲಿಯ ತನಕ ಸ್ಪಷ್ಟ ಅಂತ ತೋರಿಸುವ ಆಳದ ಗೆರೆಗಳು ಲೆನ್ಸಿನ ಮೇಲಿವೆಯಲ್ಲ, ಆ ಗೆರೆ ಹೇಳಿದ ಹಾಗೆ ಅನಂತದ (ತೀರಾ ದೂರದ) ಗುರುತನ್ನು 16ರ ಮೇಲೆ ತಂದು ನಿಲ್ಲಿಸಿದೆ. ಹಾಗೆ ಮಾಡಿದರೆ ಫೋಕಸ್ ಸುಮಾರು 8 ಮೀಟರಿಗೆ ಕೂರುತ್ತದೆ. 4 ಮೀಟರಿನಿಂದ ಹಿಡಿದು ದೂರದ ತನಕ ಎಲ್ಲ ಸ್ಪಷ್ಟ ಅಂತ ಲೆಕ್ಕ. ಪುಸ್ತಕದಲ್ಲಿ ಓದಿದ್ದೂ ಹಾಗೇ.

ಮತ್ತೆ ಬೆಟ್ಟ ಯಾಕೆ ಮಸುಕಾಯಿತು? ಆ ಲೆಕ್ಕದ ಒಳಗೆ ಒಂದು ಒಪ್ಪಂದ ಇದೆ. ನೆಗೆಟಿವ್ ಮೇಲೆ ಒಂದು ಚುಕ್ಕೆ 0.05 ಮಿಲಿಮೀಟರಿನಷ್ಟು ಹರಡಿದರೂ ಕಣ್ಣಿಗೆ ಚುಕ್ಕೆಯ ಹಾಗೇ ಕಾಣುತ್ತದೆ ಅಂತ ಒಪ್ಪಿಕೊಂಡು ಮಾಡಿದ ಲೆಕ್ಕ ಅದು. ಆಲ್ಬಮ್ಮಿಗೆ ಹಾಕುವ ಪ್ರಿಂಟಿಗೆ ಅದು ಸರಿ. ನಾನು ಮಾಡಿದ್ದು 16 ಇಂಚಿನ ಪ್ರಿಂಟು. ನೆಗೆಟಿವಿನ ಏಳು ಪಟ್ಟಿಗಿಂತ ಜಾಸ್ತಿ. ಆ 0.05 ಇಲ್ಲಿ 0.36 ಮಿಲಿಮೀಟರ್ ಆಗಿ ಕೂತಿದೆ. ದೂರದ ಮರದ ಒಂದೊಂದು ಕೊಂಬೆ ಪ್ರಿಂಟಿನಲ್ಲಿ ಅದಕ್ಕಿಂತ ಸಣ್ಣದು. ಕೊಂಬೆಗಳೆಲ್ಲ ಒಂದರೊಳಗೊಂದು ಕರಗಿ ಹಿಟ್ಟಾದವು.

ಈಗ ನಾನು ಮಾಡುವುದು ಇಷ್ಟು. ಅಪರ್ಚರ್ ಎಫ್ 16ಕ್ಕೇ ಇಡುತ್ತೇನೆ. ಗೆರೆ ಮಾತ್ರ 8ರದ್ದು ನೋಡುತ್ತೇನೆ. ಅಂದರೆ ಎರಡು ಸ್ಟಾಪು ಬಿಗಿ (ಒಂದು ಸ್ಟಾಪು ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ಫೋಕಸ್ 16 ಮೀಟರಿನ ಆಸುಪಾಸಿಗೆ ಹೋಗುತ್ತದೆ. ಕಾಲ ಬುಡದ ಕಲ್ಲು ಒಂಚೂರು ಮೆತ್ತಗಾದರೂ ಪರವಾಗಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರಬಹುದು. ನಮ್ಮ ಘಟ್ಟದ ಚಿತ್ರ ನೋಡುವವರ ಕಣ್ಣು ಮೊದಲು ಹೋಗುವುದು ಬೆಟ್ಟದ ಅಂಚಿಗೆ. ಅಲ್ಲಿ ಮರದ ನೆತ್ತಿ ಬಿಡಿಬಿಡಿಯಾಗಿ ಕಂಡರೆ ಕೆಳಗಿನ ಮಸುಕನ್ನು ಕಣ್ಣು ಒಪ್ಪಿಕೊಳ್ಳುತ್ತದೆ. ಅಂಚೇ ಮಸುಕಾದರೆ ಇಡೀ ಚಿತ್ರ ಕೆಟ್ಟ ಹಾಗೆ.

ಯಾರೋ ಕೇಳಿದಿರಿ, ಅಷ್ಟೆಲ್ಲ ಯಾಕೆ, 50ರ ಲೆನ್ಸ್ ಹಾಕಬಹುದಿತ್ತಲ್ಲ ಅಂತ. ಹಾಕಬಹುದು. ಎಫ್ 16ರಲ್ಲಿ ಅದರ ಲೆಕ್ಕ 3 ಮೀಟರಿಗೇ ಬಂದುಬಿಡುತ್ತದೆ. ಆದರೆ 50 ಹಾಕಿದರೆ ಬೆಟ್ಟ ಪುಟ್ಟದಾಗಿ ಹೋಗುತ್ತದೆ. ಭೂದೃಶ್ಯ ಅಂದರೆ ವೈಡ್ (ಅಗಲ ನೋಟದ) ಲೆನ್ಸ್ ಅನ್ನುವ ಅಭ್ಯಾಸ ನಮಗೆ ಹೇಗೋ ಅಂಟಿಕೊಂಡಿದೆ. ಆನ್ಸೆಲ್ ಆಡಮ್ಸ್ 1960ರಲ್ಲಿ ಯೋಸೆಮಿಟಿಯ ಹಾಫ್ ಡೋಮ್ ಬಂಡೆಯ ಪಕ್ಕ ಚಂದ್ರನನ್ನು ಹಿಡಿದದ್ದು ಹ್ಯಾಸೆಲ್‌ಬ್ಲಾಡಿನಲ್ಲೇ, 250ರ ಲೆನ್ಸಿನಲ್ಲಿ. ನಮ್ಮ ಕಡೆ ಬೆಟ್ಟ ಒಂದರ ಹಿಂದೆ ಒಂದು ನಿಂತಿರುತ್ತದೆ. ಒಂದಕ್ಕಿಂತ ಇನ್ನೊಂದು ತಿಳಿ ಬಣ್ಣ. ಆ ಪದರಗಳನ್ನು ಹತ್ತಿರ ತರುವುದು ಉದ್ದ ಲೆನ್ಸು. ನನ್ನ ಮಲೆನಾಡಿನ ಚಿತ್ರಗಳಲ್ಲಿ ನಿಂತದ್ದು ಬಹುತೇಕ 150ರಲ್ಲಿ ತೆಗೆದವೇ. ಸಣ್ಣ ಫಿಲ್ಮಿನ ಲೆಕ್ಕದಲ್ಲಿ ಅದು 85ರ ಹತ್ತಿರ. ಜೋಗದಲ್ಲೂ ಅಷ್ಟೇ. 253 ಮೀಟರ್ ಎತ್ತರದಿಂದ ಬೀಳುವ ನೀರು ವೈಡ್ ಲೆನ್ಸಿನಲ್ಲಿ ನಾಲ್ಕು ಬಿಳಿ ದಾರ ಆಗಿಬಿಡುತ್ತದೆ. ರಾಣಿಯೊಂದನ್ನೇ 150ರಲ್ಲಿ ನೋಡಿ. ನೀರು ಬಂಡೆಗೆ ತಾಗಿ ಮೆಟ್ಟಿಲು ಮೆಟ್ಟಿಲಾಗಿ ಒಡೆಯುವುದು ಕಾಣುತ್ತದೆ.

ಈಗ ಈ ಎರಡು ಪ್ರಿಂಟ್ ಒಟ್ಟಿಗೆ ಹಿಡಿಯುತ್ತೇನೆ. ಒಂದು ಹಂಪಿಯ ಮಾತಂಗ ಬೆಟ್ಟದಿಂದ, ಮಾರ್ಚ್ ತಿಂಗಳು. ಇನ್ನೊಂದು ಆಗುಂಬೆ ಘಾಟಿಯಿಂದ, ಆಗಸ್ಟ್. ಎರಡಕ್ಕೂ ಅದೇ 150, ಅದೇ ಎಫ್‌ಪಿ4 ಕಪ್ಪುಬಿಳುಪು ಫಿಲ್ಮು, ಅದೇ ಕಿತ್ತಳೆ ಫಿಲ್ಟರು.

ಹಂಪಿಯಲ್ಲಿ ಫಿಲ್ಟರ್ ಹಾಕದೆ ತೆಗೆದದ್ದೂ ಇದೆ, ಪಕ್ಕದಲ್ಲೇ ಇಡುತ್ತೇನೆ. ಫಿಲ್ಟರ್ ಇಲ್ಲದ್ದರಲ್ಲಿ ದೂರದ ಬಂಡೆಗುಡ್ಡಗಳು ಬಿಳಿ ಪರದೆಯ ಹಿಂದೆ ಹೋಗಿವೆ. ಹಾಕಿದ್ದರಲ್ಲಿ ಗುಡ್ಡ ಎದ್ದು ಬಂದಿದೆ, ಒಂದೊಂದು ಬಂಡೆಯ ನೆರಳೂ ಬೇರೆ ಬೇರೆ. ಇದನ್ನು ನೋಡಿ ನನಗೆ ಎಷ್ಟು ಖುಷಿ ಆಯಿತು ಅಂದರೆ, ಮಳೆಗಾಲದಲ್ಲಿ ಅದೇ ಫಿಲ್ಟರ್ ಹಿಡಿದು ಆಗುಂಬೆಗೆ ಹೋದೆ. ಎರಡು ರೋಲು ಮುಗಿಸಿದೆ. ಮಂಜು ಒಂದಿಷ್ಟೂ ಕರಗಲಿಲ್ಲ. ಕಾಡಿನ ಹಸಿರು ಮಾತ್ರ ಇದ್ದದ್ದಕ್ಕಿಂತ ಕಪ್ಪಾಗಿ, ಇದ್ದಿಲು ಬಳಿದ ಹಾಗೆ ಬಂತು.

ಕಾರಣ ಆಮೇಲೆ ತಿಳಿಯಿತು. ಬಯಲುಸೀಮೆಯ ಒಣ ಮುಸುಕಿನಲ್ಲಿ ಇರುವುದು ತೀರಾ ಸಣ್ಣ ಕಣಗಳು. ಅವು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ, ಕೆಂಪನ್ನು ಕಡಿಮೆ. ಕಿತ್ತಳೆ ಫಿಲ್ಟರ್ ನೀಲಿಯನ್ನು ತಡೆಯುತ್ತದೆ. ಹಾಗಾಗಿ ಮುಸುಕೇ ಹೋದ ಹಾಗೆ ಕಾಣುತ್ತದೆ. ಆಗುಂಬೆಯ ಮಂಜು ನೀರಿನ ಹನಿ. ಹನಿ ದೊಡ್ಡದು, ಅದು ಎಲ್ಲ ಬಣ್ಣವನ್ನೂ ಸಮವಾಗಿ ಚದುರಿಸುತ್ತದೆ. ಯಾವ ಫಿಲ್ಟರ್ ಹಾಕಿದರೂ ಅದು ಬಿಳಿಯೇ. ಮೇಲೆ ಎರಡು ಸ್ಟಾಪು ಬೆಳಕು ಬೇರೆ ನಷ್ಟ. ಈಗ ಮಳೆಗಾಲದಲ್ಲಿ ನಾನು ಹಳದಿ-ಹಸಿರು ಫಿಲ್ಟರ್ ಒಂದನ್ನೇ ಒಯ್ಯುವುದು. ಎಲೆಗಳು ಸ್ವಲ್ಪ ತಿಳಿಯಾಗಿ ಬರುತ್ತವೆ. ಮಂಜನ್ನು ಮಂಜಾಗಿಯೇ ಬಿಡುತ್ತೇನೆ. ಇನ್ನೊಂದು, ಮಂಜಿನಲ್ಲಿ ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನೇ ನಂಬಬೇಡಿ. ಅದಕ್ಕೆ ಎಲ್ಲವೂ ನಡುಬೂದು ಆಗಬೇಕು. ಒಂದರಿಂದ ಒಂದೂವರೆ ಸ್ಟಾಪು ಜಾಸ್ತಿ ಕೊಡಿ. ಮರದಡಿ ತೊರೆ ತೆಗೆಯುವಾಗ ಮೀಟರ್ 10 ಸೆಕೆಂಡ್ ಅಂದರೆ ಎಫ್‌ಪಿ4ಗೆ 18 ಸೆಕೆಂಡ್ ಬೇಕು. ಹೊತ್ತು ಜಾಸ್ತಿ ಆದಷ್ಟೂ ಫಿಲ್ಮು ಬೆಳಕಿಗೆ ಸ್ಪಂದಿಸುವುದು ಮಂದ ಆಗುತ್ತದೆ.

ಒಳಗೆ ಬೆಳಕು ಪ್ರತಿಫಲಿಸದಿರಲಿ ಅಂತ ಲೆನ್ಸಿನ ಗಾಜಿಗೆ ಹಾಕುವ ಲೇಪನದ ವಿಚಾರವೂ ಇಂಥದ್ದೇ. ನನ್ನ ಹತ್ತಿರ ಇರುವ 50ರ ಡಿಸ್ಟಗಾನ್ ಹಳೆಯದು, ಒಂದೇ ಪದರದ ಲೇಪನ. ಗೆಳೆಯರೊಬ್ಬರ ಹತ್ತಿರ ಹಲವು ಪದರದ ಟಿ-ಸ್ಟಾರ್ ಲೇಪನದ್ದು ಇದೆ. ಅವರ ಲೆನ್ಸನ್ನು ಹದಿನೈದು ದಿನ ನನಗೆ ಕೊಟ್ಟಿದ್ದರು. ಅವರಿಗೆ ಇಲ್ಲಿಂದಲೇ ಇನ್ನೊಮ್ಮೆ ಥ್ಯಾಂಕ್ಸ್. ಸೂರ್ಯನ ಎದುರಿಗೆ ಹಿಡಿದಾಗ ನನ್ನದರಲ್ಲಿ ಐದು ಮೂಲೆಯ ಬಿಳಿ ಚುಕ್ಕೆಗಳ ಸಾಲೇ ಬಂತು. ಬಂಡೆಯ ನೆರಳೆಲ್ಲ ಮಜ್ಜಿಗೆ ಬೆರೆಸಿದ ಹಾಗೆ ತೆಳ್ಳಗಾಯಿತು. ಅವರದು ಗಟ್ಟಿಯಾಗಿ ನಿಂತಿತು. ಅದೇ ಎರಡು ಲೆನ್ಸನ್ನು ಮೋಡ ಕವಿದ ದಿನ ಕಾಡಿನೊಳಗೆ ಬಳಸಿದೆವು. ಪ್ರಿಂಟ್ ಹಿಂದೆ ಬರೆದದ್ದನ್ನು ನೋಡದೆ ಯಾವುದು ಯಾವುದರದ್ದು ಅಂತ ಇಬ್ಬರಿಗೂ ಹೇಳಲಾಗಲಿಲ್ಲ. ನೀವು ಹೆಚ್ಚಾಗಿ ಮಳೆಗಾಲದ ಕಾಡೇ ತೆಗೆಯುವವರಾದರೆ ಹಳೇ ಲೆನ್ಸು ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಲೆನ್ಸ್ ಹುಡ್, ಫಿಲ್ಮು ತಗೊಳ್ಳಿ.

ಹಂಪಿಯ ಮಾತು ಬಂತಲ್ಲ, ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಸೇನಾಧಿಕಾರಿ ಹಂಪಿಯನ್ನು ಫೋಟೋ ತೆಗೆದರು. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ನಮ್ಮ ಚೌಕದ ಎಷ್ಟೋ ಪಟ್ಟು ದೊಡ್ಡದು. ಆ ಕಾಗದಕ್ಕೆ ಮುಖ್ಯವಾಗಿ ನೀಲಿ ಬೆಳಕೇ ಕಾಣುತ್ತಿದ್ದದ್ದು. ಅದಕ್ಕೇ ಆಕಾಶ ಬರೀ ಬಿಳಿ. ಆದರೆ ಕಲ್ಲು ನೋಡಬೇಕು ನೀವು. 50 ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥ ಗೊತ್ತಲ್ಲ, ಅವರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ, ಆಮೇಲೆ ತೆಗೆದರು. ನಾವು ಹುಟ್ಟಿದ ಮೇಲೆ ನೋಡಿದ್ದು ಶಿಖರ ಇಲ್ಲದ ರಥವನ್ನೇ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಏನು ಹೋಯಿತು, ಏನು ಉಳಿಯಿತು ಅನ್ನುವುದು ಕಲ್ಲು ಕಲ್ಲಿಗೂ ಕಾಣುತ್ತದೆ. ದೊಡ್ಡ ನೆಗೆಟಿವ್ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ನಾನು ಕುಂದಾದ್ರಿಯ ಅಂಚಿಗೆ ಅಷ್ಟು ತಲೆ ಕೆಡಿಸಿಕೊಳ್ಳುವುದೂ ಅದಕ್ಕೇ. ಆ ಬೆಟ್ಟದ ಮೇಲೆ ಇವತ್ತು ಇರುವ ಮರ ಮುಂದೆಯೂ ಇರುತ್ತದೆ ಅಂತ ಏನು ಖಾತ್ರಿ?

ಜೋಗದಲ್ಲಿ ಆದ ಒಂದು ಘಟನೆ. ಜುಲೈ, ಜಿಟಿಜಿಟಿ ಮಳೆ. ಛತ್ರಿಯ ಕೆಳಗೆ ಆತುರದಲ್ಲಿ ಲೆನ್ಸ್ ಬದಲಾಯಿಸಿದೆ. ಈ ಕ್ಯಾಮೆರಾದಲ್ಲಿ ಶಟರ್ ಇರುವುದು ಲೆನ್ಸಿನೊಳಗೆ. ಬಾಡಿಯೂ ಲೆನ್ಸೂ ಎರಡೂ ಕಾಕ್ ಆಗಿದ್ದರೆ, ಅಂದರೆ ಸ್ಪ್ರಿಂಗ್ ಬಿಗಿದು ತಯಾರಾಗಿದ್ದರೆ, ಮಾತ್ರ ಕೂರಿಸಬೇಕು. ನಾನು ನೋಡಲಿಲ್ಲ. ಲೆನ್ಸ್ ಕೂತಿತು. ಆಮೇಲೆ ಬಟನ್ನೂ ಒತ್ತಲಾಗದು, ಹ್ಯಾಂಡಲೂ ತಿರುಗದು, ಲೆನ್ಸೂ ಬಿಚ್ಚದು. ಎದುರಿಗೆ ನಾಲ್ಕೂ ಧಾರೆ ತುಂಬಿ ಬೀಳುತ್ತಿವೆ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಫೋನ್ ಮಾಡಿದೆ.

‘ಸಾರ್, ಕ್ಯಾಮೆರಾ ಹಿಡಿದುಕೊಂಡುಬಿಟ್ಟಿದೆ.’

‘ಜೋರು ಮಾಡ್ಬೇಡ ಮಾರಾಯ. ಡಾರ್ಕ್ ಸ್ಲೈಡ್ ಹಾಕಿ ಹಿಂದಿನ ಬ್ಯಾಕ್ ತೆಗಿ. ಒಳಗೆ ಎರಡು ರೆಕ್ಕೆ ಕಾಣುತ್ತಾ? ಮೆಲ್ಲಗೆ ತೆರೆದು ಹಿಡಿ. ಉದ್ದ ಸ್ಕ್ರೂಡ್ರೈವರ್ ಇದೆಯಾ?’

ಇತ್ತು. ಫಿಲ್ಮಿಗೆ ಬೆಳಕು ತಾಗದ ಹಾಗೆ ಮುಚ್ಚುವ ತಗಡು, ಅದೇ ಡಾರ್ಕ್ ಸ್ಲೈಡ್, ಹಾಕಿ ಫಿಲ್ಮಿರುವ ಬ್ಯಾಕ್ ಬಿಚ್ಚಿದೆ. ಒಳಗೆ, ಲೆನ್ಸಿನ ಹಿಂಬದಿಯಲ್ಲಿ, ಸೀಳಿರುವ ಒಂದು ಸಣ್ಣ ತಿರುಪು ಕಾಣುತ್ತದೆ. ಅದಕ್ಕೆ ತುದಿ ಕೊಟ್ಟು ಬಲಕ್ಕೆ ತಿರುಗಿಸು, ಕಟಕ್ ಅನ್ನುವ ತನಕ ಬಿಡಬೇಡ ಅಂದರು. ಗಾಜಿಗೆ ತಾಗಿದರೆ ಕಥೆ ಮುಗಿದ ಹಾಗೆ. ಕೈ ನಡುಗುತ್ತಿತ್ತು. ತಿರುಗಿಸಿದೆ. ಕಟಕ್ ಅಂತು. ಆ ಸದ್ದು ಅವರಿಗೆ ಫೋನಿನಲ್ಲೇ ಕೇಳಿಸಿತಂತೆ. ‘ಹಾಂ, ಈಗ ಫೋಟೋ ತೆಗಿ’ ಅಂದು ಇಟ್ಟರು. ಆವತ್ತಿನ ರಾಣಿಯ ಚಿತ್ರ ಇಲ್ಲೇ ಗೋಡೆ ಮೇಲಿದೆ.

ಇನ್ನು ಬೂಷ್ಟು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವ ವಿಷಯ ಇದು. ಒಣ ಹವೆಯ ಊರಿನವರು ಬರೆದ ಲೆನ್ಸ್ ವಿಮರ್ಶೆ ಎಷ್ಟು ಓದಿದರೂ ಇದರ ಬಗ್ಗೆ ಒಂದು ಸಾಲು ಇರುತ್ತದೆ, ಅಷ್ಟೇ. ನಮ್ಮಲ್ಲಿ, ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಲೆನ್ಸಿಗೆ ಬರದೇ ಇರುತ್ತಾ?

ಈ 150 ನೋಡಿ. ಇದು ನನ್ನದೇ. ಶಟರನ್ನು ‘ಬಿ’ಗೆ, ಅಂದರೆ ಒತ್ತಿದಷ್ಟು ಹೊತ್ತೂ ತೆರೆದಿರುವ ಹಾಗೆ, ಇಟ್ಟು ಒತ್ತಿ ಹಿಡಿದಿದ್ದೇನೆ, ಅಪರ್ಚರ್ ಪೂರ್ತಿ ತೆರೆದಿದೆ. ನೇರ ನೋಡಿದರೆ ಗಾಜು ಸ್ವಚ್ಛ. ಈಗ ಟಾರ್ಚನ್ನು ಹಿಂದಿನಿಂದ, ಓರೆಯಾಗಿ ಬಿಡುತ್ತೇನೆ. ಕಂಡಿತಾ? ಅಂಚಿನಿಂದ ಒಳಕ್ಕೆ ಹೊರಟ ಬಿಳಿ ಎಳೆಗಳು. ಒಂದು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದಿವೆ. ಮಳೆಗಾಲದಲ್ಲಿ ಅಡಿಕೆ ಹಾಳೆಯ ಮೇಲೆ ಹಬ್ಬುತ್ತದಲ್ಲ, ಥೇಟ್ ಹಾಗೆ. ಇದನ್ನು ಚರ್ಮದ ಚೀಲದಲ್ಲಿಟ್ಟು ಒಂದು ಮಳೆಗಾಲ ಬೀರುವಿನಲ್ಲಿ ಮರೆತೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆ ಮನೆ ಬೇರೆ ಇಲ್ಲ. ಇಷ್ಟಕ್ಕೆ ಚಿತ್ರದ ಚೂಪು ಹೋಗಲ್ಲ. ಬೆಳಕಿನ ಎದುರು ಹಿಡಿದಾಗ ಮಾತ್ರ ಕಪ್ಪು ಕಪ್ಪಾಗಿ ಉಳಿಯಲ್ಲ. ಹಾಗೇ ಬಿಟ್ಟರೆ ಬೂಷ್ಟು ಬಿಡುವ ಆಮ್ಲ ಲೇಪನವನ್ನೂ, ಆಮೇಲೆ ಗಾಜನ್ನೂ ತಿನ್ನುತ್ತದೆ. ಆಗ ಯಾರು ಒರೆಸಿದರೂ ಗುರುತು ಹೋಗಲ್ಲ.

ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗುವವರು ಕೊಳ್ಳಿ. ಆಗದವರಿಗೆ ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಹಾಕಿ, ತೇವಾಂಶ ತೋರಿಸುವ ಸಣ್ಣ ಮೀಟರ್ ಇಡಿ. 40ರಿಂದ 50 ಪರ್ಸೆಂಟ್ ಒಳಗೆ ಇರಲಿ. ತೀರಾ ಒಣಗಿಸಬೇಡಿ, ಒಳಗಿನ ಎಣ್ಣೆಗೂ ಬೆಲ್ಲೋಸಿಗೂ ಒಳ್ಳೆಯದಲ್ಲ. ಅಕ್ಕಿಯೊಳಗೆ ಹುಗಿಯುವ ಅಭ್ಯಾಸ ಬಿಡಿ, ಅದರ ಪುಡಿ ಲೆನ್ಸಿನೊಳಗೆ ಸೇರುತ್ತದೆ. ಜೆಲ್ ಬಣ್ಣ ಬದಲಾದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಅಡುಗೆಯ ಬಾಣಲೆ ಬಳಸಬೇಡಿ, ಇದಕ್ಕೇ ಒಂದು ಬೇರೆ ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡುವುದಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಲೆನ್ಸನ್ನು ಹೊರಗೆ ತೆಗೆದು ಬಳಸಿ.

ಡಿಜಿಟಲ್ ಬಗ್ಗೆ ಕೇಳಿದ್ದೀರಿ. ನಾನು ಅದನ್ನು ಬಳಸಿದ್ದು ಸ್ವಲ್ಪವೇ, ಹಾಗಾಗಿ ಸ್ವಲ್ಪವೇ ಹೇಳುತ್ತೇನೆ. ಫ್ಯೂಜಿ ಜಿಎಫ್‌ಎಕ್ಸ್ ಸೆನ್ಸರ್ 43.8 x 32.9 ಮಿಲಿಮೀಟರ್. ನಮ್ಮ ಚೌಕಕ್ಕಿಂತ ಸಣ್ಣದು. ಅಡಾಪ್ಟರ್ ಹಾಕಿ ನಮ್ಮ ಹಳೇ ಲೆನ್ಸ್ ಕೂರಿಸಬಹುದು, ನಡುಭಾಗವಷ್ಟೇ ಬಳಕೆ ಆಗುವುದರಿಂದ ಮೂಲೆಯ ಮಸುಕು ಕಾಣಲ್ಲ. ಆದರೆ 50 ಅಲ್ಲಿ ವೈಡ್ ಆಗಿ ಉಳಿಯಲ್ಲ, ಸಣ್ಣ ಫಿಲ್ಮಿನ 40ರ ಹಾಗೆ ನೋಡುತ್ತದೆ. 80 ಹೋಗಿ 63 ಆಗುತ್ತದೆ. 100 ಮೆಗಾಪಿಕ್ಸೆಲ್‌ನಲ್ಲಿ ನನ್ನ ಎಫ್ 16ರ ಅಭ್ಯಾಸವನ್ನೂ ಬಿಡಬೇಕಾಯಿತು. ಎಫ್ 11 ದಾಟಿದ ಮೇಲೆ ಪೂರ್ತಿ ಹಿಗ್ಗಿಸಿ ನೋಡಿದರೆ ಸಣ್ಣ ವಿವರ ಮೆತ್ತಗಾಗುವುದು ಗೊತ್ತಾಗುತ್ತದೆ. ಜಿಎಫ್‌ಎಕ್ಸ್ ಇರುವವರು ನಮ್ಮಲ್ಲೇ ಮೂವರಿದ್ದಾರೆ. ಮುಂದಿನ ಸಲ ಅವರು ಮಾತಾಡಲಿ.

ನನ್ನದು ಒಂದೇ ಕೋರಿಕೆ. ಈ ಪುಟ್ಟ ನೋಟ್‌ಬುಕ್ ನೋಡಿ. ಒಂದೊಂದು ಫ್ರೇಮಿಗೂ ಒಂದು ಸಾಲು. ಲೆನ್ಸು, ಅಪರ್ಚರ್, ಎಷ್ಟು ಹೊತ್ತು, ಫೋಕಸ್ ಎಲ್ಲಿ, ಫಿಲ್ಟರ್ ಯಾವುದು, ಗಾಳಿ ಇತ್ತಾ, ಮಂಜಾ ಧೂಳಾ. 12 ಫ್ರೇಮಿಗೆ 12 ಸಾಲು, ಐದು ನಿಮಿಷದ ಕೆಲಸ. ಇದು ಇದ್ದದ್ದರಿಂದಲೇ ಕುಂದಾದ್ರಿಯ ಬೆಟ್ಟ ಯಾಕೆ ಕೆಟ್ಟಿತು ಅಂತ ನನಗೆ ತಿಳಿದದ್ದು. ಮುಂದಿನ ಸಲ ಬರುವಾಗ ಎಲ್ಲರೂ ಒಂದು ಕೆಟ್ಟ ಪ್ರಿಂಟು, ಅದರ ಸಾಲು, ಎರಡನ್ನೂ ತನ್ನಿ. ಲೆನ್ಸ್ ಕೊಳ್ಳಬೇಕು ಅಂತಿರುವವರು ಮೊದಲು ಇಲ್ಲಿ ಕೇಳಿ. ಯಾರ ಹತ್ತಿರವಾದರೂ ಇದ್ದೇ ಇರುತ್ತದೆ. ಒಂದು ವಾರ ಕಡ ಇಸ್ಕೊಳ್ಳಿ, ನಿಮ್ಮ ಊರಿನ ಬೆಳಕಿನಲ್ಲಿ ಒಂದು ರೋಲು ತೆಗೀರಿ. ನನ್ನ ಹಳೇ 50 ಯಾರಿಗೆ ಬೇಕಾದರೂ ಕೊಡುತ್ತೇನೆ. ಕಾಕ್ ಮಾಡಿ ಕೂರಿಸಿ, ಅಷ್ಟೇ.

ಟೀ ಬರಲು ಇನ್ನೂ ಹತ್ತು ನಿಮಿಷ ಇದೆ. ಟಾರ್ಚ್ ಮೇಜಿನ ಮೇಲಿದೆ. ನಿಮ್ಮ ನಿಮ್ಮ ಚೀಲದಿಂದ ಲೆನ್ಸ್ ತೆಗೀರಿ, ಒಂದೊಂದಾಗಿ ನೋಡೋಣ. ಚರ್ಮದ ಚೀಲ ತಂದವರು ಮೊದಲು ಬನ್ನಿ.